ರೇಷ್ಮೆಯಲ್ಲಿ ನೇಯ್ದ ದೇವರ ಹೆಸರು: ಶಾರ್ಜಾದಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಮೂಲತಃ ಗುಳೇದಗುಡ್ಡದವರು. ಅಪ್ಪ ನಲವತ್ತು ವರ್ಷ ಖಣ ನೇಯ್ದವರು. ನಾನು ಈಗ ಶಾರ್ಜಾದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಒಂದು ಮ್ಯೂಸಿಯಂನಲ್ಲಿ ತುರ್ಕಿಯ ಹಳೇ ಕೆಂಪು ರೇಷ್ಮೆ ಬಟ್ಟೆ ನೋಡಿದೆ. ಮೈತುಂಬ ಅಂಕುಡೊಂಕು ಪಟ್ಟೆ, ಪಟ್ಟೆಯೊಳಗೆ ಬಿಳಿ ಅರಬ್ಬಿ ಅಕ್ಷರ. ಫೋಟೋ ಕಳಿಸಿದರೆ ಅಪ್ಪ, "ಇದು ಅಚ್ಚು ಹಾಕಿದ್ದಲ್ಲ, ನೇಯ್ದದ್ದು. ಆದ್ರ ಅಕ್ಷರ ಹೆಂಗ ನೇಯ್ದ್ರು?" ಅಂದರು. ಇಂಥ ಬಟ್ಟೆಯಲ್ಲಿ ಏನು ಬರೆದಿರುತ್ತಾರೆ? ದೇವರ ಹೆಸರಿರುವ ಬಟ್ಟೆಯನ್ನು ಉಡಬಹುದಾ? ಪಕ್ಕದ ಇನ್ನೊಂದು ತುಂಡಿನಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದವು. ನೇಕಾರ ತಪ್ಪಿದನಾ? ಇನ್ನೊಂದು ವಿಷಯ: ನನ್ನ ರೂಮಿನಲ್ಲಿರುವ ಭಟ್ಕಳದ ಗೆಳೆಯನ ಮನೆಯಲ್ಲಿ, ಅಜ್ಜ ಹಜ್‌ನಿಂದ ತಂದ ಕರೀ ಬಟ್ಟೆಯ ತುಂಡು ಇದೆಯಂತೆ. ಅದು ನಿಜವಾಗ್ಲೂ ಕಾಬಾದ ಬಟ್ಟೆಯೇ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ?

ಉತ್ತರ: ಫೋನಿನ ಫೋಟೋ ನೋಡಿ "ನೇಯ್ದದ್ದು" ಅಂದರಲ್ಲ, ನಿಮ್ಮ ಅಪ್ಪನ ಕಣ್ಣು ಗಟ್ಟಿ. ಅವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಗ್ಗ ಅರ್ಥವಾದರೆ ನಿಮ್ಮ ಉಳಿದ ಪ್ರಶ್ನೆಗಳ ಅರ್ಧ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಖಣದಲ್ಲಿ ಒಂದು ಹೂವು ಮೂಡಬೇಕಾದರೆ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಕಟ್ಟಿದ ನೂಲಿನ, ಇಂತಿಂಥ ಎಳೆ ಮೇಲೇಳಬೇಕು, ಇಂತಿಂಥವು ಕೆಳಗೇ ಇರಬೇಕು, ನಡುವೆ ಲಾಳಿ ಓಡಬೇಕು. ಅಕ್ಷರಕ್ಕೂ ಅದೇ ಲೆಕ್ಕ. ಇದು ಮಲ್ಲಿಗೆಯೋ ಅಲಿಫ್ ಅಕ್ಷರವೋ ಅಂತ ಮಗ್ಗಕ್ಕೇನು ಗೊತ್ತು? ವ್ಯತ್ಯಾಸ ಇರೋದು ಎಷ್ಟು ಎಳೆಯನ್ನು ಬೇರೆ ಬೇರೆಯಾಗಿ ಎತ್ತಬೇಕು ಅನ್ನೋದರಲ್ಲಿ. ಪುಟ್ಟ ಹೂವಿಗೆ ಕೆಲವೇ ಬಗೆಯ ಎತ್ತುವಿಕೆ ಸಾಕು. ಒಂದು ಸಾಲು ಬರಹಕ್ಕೆ ನೂರಾರು ಬೇಕು. ರಂಧ್ರ ಹೊಡೆದ ರಟ್ಟುಗಳ ಜಕಾರ್ಡ್ ಯಂತ್ರ ಬಂದದ್ದು 1804ರಲ್ಲಿ. ಅದಕ್ಕೂ ಮೊದಲು, ಸಾವಿರಕ್ಕೂ ಜಾಸ್ತಿ ವರ್ಷ, ಈ ಕೆಲಸ ನಡೆದದ್ದು ದಾರ ಎಳೆಯುವ ಮಗ್ಗದಲ್ಲಿ. ಬನಾರಸ್‌ನವರು ಅದನ್ನು ಜಾಲ ಅನ್ನುತ್ತಾರೆ. ಹಾಸಿನ ಎಳೆಗಳಿಗೆ ಮೇಲಿನಿಂದ ದಾರ ಕಟ್ಟಿ, ಯಾವ ಸಾಲಿಗೆ ಯಾವ ದಾರ ಅನ್ನೋದನ್ನು ಮೊದಲೇ ಗಂಟು ಹಾಕಿ ಇಟ್ಟಿರುತ್ತಾರೆ. ಒಬ್ಬ ಸಹಾಯಕ ಆ ಗೊಂಚಲನ್ನು ಎಳೆದು ಹಿಡಿಯಬೇಕು, ನೇಕಾರ ಲಾಳಿ ಹಾಯಿಸಬೇಕು. ಮತ್ತೆ ಇನ್ನೊಂದು ಗೊಂಚಲು. ಅಂದರೆ ಬರಹ ಮೊದಲು ಹುಟ್ಟುವುದು ದಾರದ ಗಂಟಿನಲ್ಲಿ. ಅಂದವಾಗಿ ಬರೆಯುವ ಕಲೆಗಾರ ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಇನ್ನೊಬ್ಬ ಚೌಕ ಚೌಕವಾಗಿ ಎಣಿಸಿ ಗಂಟಾಗಿ ಬದಲಿಸುತ್ತಿದ್ದ. ನೇಕಾರನಿಗೆ ಓದು ಬರಲೇಬೇಕು ಅಂತೇನೂ ಇರಲಿಲ್ಲ.

ಮುಂದಿನ ಸಲ ಹೋದಾಗ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿ. ದೂರದಿಂದ ನುಣುಪಾಗಿ ಬಾಗಿದ ಅಕ್ಷರದ ಅಂಚು ಹತ್ತಿರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಒಂದೊಂದು ಮೆಟ್ಟಿಲು ಎಂದರೆ ಒಂದು ಸಲ ಗೊಂಚಲು ಎಳೆದದ್ದು. ಇನ್ನೂ ಒಂದು ನೋಡಿ: ಕೆಂಪು ನೆಲ ಮಿರುಗುತ್ತದೆ, ಬಿಳಿ ಅಕ್ಷರ ಅಷ್ಟು ಮಿರುಗುವುದಿಲ್ಲ. ಇದರಲ್ಲಿ ಎರಡು ಹಾಸು ಇರುತ್ತದೆ. ಒಂದು ಹಾಸು ಕೆಂಪು ಸ್ಯಾಟಿನ್ ನೆಲ ಕೊಡುತ್ತದೆ. ಇನ್ನೊಂದು, ತೆಳ್ಳನೆಯದು, ಬಿಳಿ ಹೊಕ್ಕನ್ನು, ಅಂದರೆ ಅಡ್ಡ ನೂಲನ್ನು, ಅಲ್ಲಲ್ಲಿ ಹಿಡಿದು ಕೂರಿಸುತ್ತದೆ. ಲಾಂಪಾಸ್ ಅನ್ನುತ್ತಾರೆ ಈ ನೇಯ್ಗೆಗೆ. ಅಪ್ಪನಿಗೆ ಈ ಎರಡು ಹಾಸಿನ ಮಾತು ಹೇಳಿ, ಉಳಿದದ್ದನ್ನು ಅವರೇ ನಿಮಗೆ ಬಿಡಿಸಿ ಹೇಳುತ್ತಾರೆ.

ಈಗ ಕನ್ನಡಿ ಅಕ್ಷರ. ಗಂಟು ಕಟ್ಟುವ ಕೆಲಸ ಅರ್ಧ ಮಾಡಿಕೊಳ್ಳಲು ನೇಕಾರರ ಹತ್ತಿರ ಒಂದು ಉಪಾಯವಿದೆ. ವಿನ್ಯಾಸದ ಎಡಭಾಗಕ್ಕೆ ಮಾತ್ರ ಗಂಟು ಹಾಕಿ, ಬಲಭಾಗದ ಎಳೆಗಳನ್ನು ಅದೇ ದಾರಗಳಿಗೆ ತಿರುಗುಮುರುಗಾಗಿ ಕಟ್ಟುವುದು. ಆಗ ಎಡಕ್ಕೆ ನಿಂತ ನವಿಲಿಗೆ ಎದುರಾಗಿ ಬಲಕ್ಕೊಂದು ನವಿಲು ಪುಕ್ಕಟೆ ಸಿಗುತ್ತದೆ. ನವಿಲಿಗೆ ಅದರಿಂದ ನಷ್ಟವಿಲ್ಲ. ಅಕ್ಷರ ಮಾತ್ರ ಹಿಂದುಮುಂದಾಗುತ್ತದೆ. ಸ್ಪೇನಿನಲ್ಲಿ ಮುಸ್ಲಿಂ ಆಳ್ವಿಕೆ ಇದ್ದಾಗ ನೇಯ್ದ ರೇಷ್ಮೆಗಳಲ್ಲಿ "ಬರಕ" ಅನ್ನುವ ಪದ ಒಂದು ಕಡೆ ಸರಿಯಾಗಿ, ಎದುರಿಗೆ ತಿರುಗಿ ಕಾಣಿಸುವುದುಂಟು. ಬರಕ ಅಂದರೆ ದೇವರ ಕೃಪೆ, ಸಮೃದ್ಧಿ. "ಎಷ್ಟು ದುಡಿದರೂ ಕೈಗೆ ಬರಕತ್ತಿಲ್ಲ" ಅಂತ ನಿಮ್ಮ ಕಡೆ ಅನ್ನುತ್ತಾರಲ್ಲ, ಅದೇ ಪದ. ಆದ್ದರಿಂದ ತಿರುಗಿದ ಅಕ್ಷರದ ಪಕ್ಕದಲ್ಲೇ ನೆಟ್ಟಗಿನ ಅಕ್ಷರ ಇದೆಯಾ ನೋಡಿ. ಇದ್ದರೆ ಅದು ತಪ್ಪಲ್ಲ, ಮಗ್ಗದ ಉಪಾಯ. ಎಲ್ಲಾ ಅಕ್ಷರವೂ ತಿರುಗಿದ್ದರೆ ಮ್ಯೂಸಿಯಂನವರು ಬಟ್ಟೆಯ ಹಿಂಬದಿ ತೋರಿಸುತ್ತಿರಬಹುದು. ಧಾರವಾಡದ ಕಸೂತಿಯ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಆದರೂ ಅದರಲ್ಲಿ ಹೆಸರು ಹೊಲಿದರೆ ಹಿಂದೆ ತಿರುಗಿಯೇ ಇರುತ್ತದೆ. ಅಕ್ಷರದ ಹಣೆಬರಹ ಅದು. ಇನ್ನು ಅಕ್ಷರ ಬಾರದ ಯಾರೋ ನೋಡಿ ನಕಲು ಮಾಡಿದ್ದರೂ ತಿರುಗುತ್ತದೆ. ಆಗ ಸಾಮಾನ್ಯವಾಗಿ ಯಾವ ಪದವೂ ಓದಲು ಬರುವುದಿಲ್ಲ.

ನೀವು ನೋಡಿದ ಕೆಂಪು ಬಟ್ಟೆಯ ಥರದವುಗಳಲ್ಲಿ ಈ ಉಪಾಯ ಸಾಮಾನ್ಯವಾಗಿ ಕಾಣುವುದಿಲ್ಲ. ಪಟ್ಟೆ ಮೇಲೆ ಹತ್ತಿ ಕೆಳಗಿಳಿದರೂ ಬರಹ ಬಲದಿಂದ ಎಡಕ್ಕೆ ಸರಿಯಾಗಿಯೇ ಸಾಗುತ್ತದೆ. ಅರ್ಧ ಗಂಟಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಪೂರ್ತಿ ಗಂಟು ಕಟ್ಟಿದ್ದಾರೆ. ಯಾಕೆ ಅಂತ ಅಲ್ಲಿ ಬರೆದದ್ದನ್ನು ಓದಿದರೆ ತಿಳಿಯುತ್ತದೆ.

ತುರ್ಕಿಯ ಓಟೋಮನ್ ಸುಲ್ತಾನರ ಕಾಲದ ಈ ಬಗೆಯ ಬಟ್ಟೆಗಳ ಅಗಲ ಪಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದು ಕಲಿಮಾ: "ಅಲ್ಲಾಹನ ಹೊರತು ಬೇರೆ ದೇವರಿಲ್ಲ, ಮುಹಮ್ಮದ್ ಅಲ್ಲಾಹನ ದೂತ." ಕಿರಿದಾದ ಪಟ್ಟೆಗಳಲ್ಲಿ ಕುರ್‌ಆನ್ ವಚನ ಬರುತ್ತದೆ. ಪ್ರವಾದಿಯ ಮೇಲೆ ಸಲಾಮ್ ಹೇಳುವ 33ನೇ ಅಧ್ಯಾಯದ 56ನೇ ವಚನ ಒಂದು. ನಮಾಜಿನ ದಿಕ್ಕು ಕಾಬಾದ ಕಡೆಗೆ ಅಂತ ಹೇಳುವ 2ನೇ ಅಧ್ಯಾಯದ 144ನೇ ವಚನ ಇನ್ನೊಂದು. ಈ ಎರಡನೆಯದೇ ಬಟ್ಟೆಯ ವಿಳಾಸ ಹೇಳುತ್ತದೆ. ಕಾಬಾದ ಹೊರಗೆ ಹೊದಿಸುವುದು ಕಪ್ಪು, ಒಳಗೋಡೆಗೆ ಕೆಂಪು, ಮದೀನಾದ ಪ್ರವಾದಿ ಸಮಾಧಿಗೆ ಹಸಿರು, ಇದು ಆ ಕಾಲದ ರೂಢಿ. ಹೊಸ ಬಟ್ಟೆ ಹೊದಿಸಿದ ಮೇಲೆ ಹಳೆಯದನ್ನು ಎಸೆಯುತ್ತಿರಲಿಲ್ಲ. ಕತ್ತರಿಸಿ ಹಂಚುತ್ತಿದ್ದರು. ಹಾಗೆ ಸಿಕ್ಕ ತುಂಡುಗಳು ಸುಲ್ತಾನರ, ದೊಡ್ಡ ಮನೆತನದವರ ಸಮಾಧಿಗಳ ಮೇಲೆ ಹೊದಿಕೆಯಾದವು. ಕಲಬುರಗಿಯ ಬಂದೇ ನವಾಜ್ ದರ್ಗಾದಲ್ಲಿ ಚಾದರ ಹೊದಿಸುವುದನ್ನು ನೀವು ನೋಡಿರಬೇಕು. ಆ ಹೊದಿಕೆಯ ಜಾಗಕ್ಕೆ ಸಾಕ್ಷಾತ್ ಕಾಬಾದಿಂದ ಇಳಿದ ಬಟ್ಟೆ ಬಂತು ಅಂದುಕೊಳ್ಳಿ.

ಹೀಗಾಗಿ ನಾನು ಯಾವ ಬರಹದ ಬಟ್ಟೆ ನೋಡಿದರೂ ಮೊದಲು ಕೇಳುವುದು "ಏನು ಬರೆದಿದೆ" ಅಂತಲ್ಲ, "ಇದು ಎಲ್ಲಿ ಇರುತ್ತಿತ್ತು" ಅಂತ. ತೋಳಿನ ಮೇಲಾ, ಗೋಡೆ ಮೇಲಾ, ಸಮಾಧಿ ಮೇಲಾ, ಕಾಲಡಿಯಲ್ಲಾ? ಬರಹ ಯಾವುದು ಅನ್ನೋದನ್ನು ಜಾಗವೇ ನಿರ್ಧರಿಸುತ್ತದೆ.

ತೋಳಿನ ಮೇಲೆ ಅಂದೆನಲ್ಲ, ಅದು ಇನ್ನೂ ಹಳೇ ಕಥೆ. ಕೆಂಪು ಬಟ್ಟೆಗಿಂತ ಏಳೆಂಟು ನೂರು ವರ್ಷ ಹಿಂದೆ ಅರಬ್ ಖಲೀಫರ ಕಾಲದಲ್ಲಿ ತಿರಾಜ್ ಅನ್ನುವ ಬಟ್ಟೆ ಇತ್ತು. ಸರ್ಕಾರಿ ನೇಯ್ಗೆಮನೆಗಳಲ್ಲಿ ತಯಾರಾದ, ಒಂದು ಸಾಲು ಬರಹವಿರುವ ಬಟ್ಟೆ. ಪದ ಪಾರ್ಸಿ ಮೂಲದ್ದು, ಕಸೂತಿ ಅನ್ನುವ ಅರ್ಥ. ಈಜಿಪ್ಟಿನ ತಿನ್ನಿಸ್, ದಮಿಯೆಟ್ಟಾ ಊರುಗಳ ನಾರುಬಟ್ಟೆ (ಲಿನನ್) ಇದಕ್ಕೆ ಹೆಸರುವಾಸಿ. ಬರಹದ ಮಾದರಿ ಹೆಚ್ಚುಕಡಿಮೆ ಸರ್ಕಾರಿ ಆದೇಶದ ಹಾಗೇ ಇರುತ್ತದೆ. ಮೊದಲು ಬಿಸ್ಮಿಲ್ಲಾ. ಆಮೇಲೆ ಖಲೀಫನ ಹೆಸರು, ಅವನ ಆಯುಷ್ಯ ಹೆಚ್ಚಲಿ ಅನ್ನುವ ಹಾರೈಕೆ. ಆಮೇಲೆ ಯಾವ ವಜೀರ ಹೇಳಿ ಮಾಡಿಸಿದ್ದು, ಯಾವ ಊರಿನ ನೇಯ್ಗೆಮನೆ, ಯಾವ ವರ್ಷ. ನಮ್ಮ ಶಾಸನಗಳನ್ನು ಓದಿದವರಿಗೆ ಈ ಜೋಡಣೆ ಹೊಸದಲ್ಲ. ದೇವರ ಸ್ತುತಿಯಿಂದ ಶುರು, ರಾಜನ ಬಿರುದು ನಡುವೆ, ತೇದಿ ಜೊತೆಗೆ. ಇಲ್ಲಿ ಕಲ್ಲಿನ ಬದಲು ನಾರು, ಅಷ್ಟೇ.

ಈ ಬಟ್ಟೆಯನ್ನು ಖಲೀಫ ತನ್ನ ಅಧಿಕಾರಿಗಳಿಗೆ ಗೌರವದ ಉಡುಗೊರೆಯಾಗಿ ಕೊಡುತ್ತಿದ್ದ. ಅದಕ್ಕೆ ಖಿಲ್‌ಅತ್ ಅಂತ ಹೆಸರು. ಮೈಸೂರು ಅರಮನೆಯ ದಸರಾ ದರ್ಬಾರಿನ ಮಾತಲ್ಲಿ ಖಿಲ್ಲತ್ತು ಅಂತ ಬರುತ್ತದಲ್ಲ, ಅದು ಇದರದೇ ವಂಶ. ತೋಳಿನ ಮೇಲೆ ಒಡೆಯನ ಹೆಸರು ಹೊತ್ತು ತಿರುಗುವವನ ನಿಷ್ಠೆ ಯಾರಿಗೆ ಅಂತ ಯಾರೂ ಕೇಳಬೇಕಿರಲಿಲ್ಲ. ನಾಣ್ಯದ ಮೇಲೆ, ಶುಕ್ರವಾರದ ಪ್ರವಚನದಲ್ಲಿ, ತಿರಾಜ್ ಬಟ್ಟೆಯಲ್ಲಿ ಯಾರ ಹೆಸರಿದೆಯೋ ಅವನೇ ದೊರೆ. ಖಲೀಫ ಹಾರೂನ್ ರಶೀದ್ 809ರಲ್ಲಿ ತೀರಿಕೊಂಡ ಮೇಲೆ ಮಕ್ಕಳಾದ ಅಮೀನ್ ಮತ್ತು ಮಾಮೂನ್ ನಡುವೆ ಜಗಳ ಹತ್ತಿತು. ಖುರಾಸಾನಿನಲ್ಲಿದ್ದ ಮಾಮೂನ್ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಮ್ಮನ ಹೆಸರನ್ನು ತಿರಾಜ್‌ನಿಂದ ತೆಗೆಸಿದ್ದು. ಅಮೀನ್ ಇನ್ನೂ ಬಾಗ್ದಾದಿನಲ್ಲಿ ಖಲೀಫನಾಗಿದ್ದಾನೆ, ಖುರಾಸಾನಿನ ಮಗ್ಗದಲ್ಲಿ ಆಗಲೇ ಇಲ್ಲ!

ಆದ್ದರಿಂದ ಅರಬ್ಬಿ ಅಕ್ಷರ ಕಂಡ ಕೂಡಲೇ ಕುರ್‌ಆನ್ ಅಂದುಕೊಳ್ಳಬೇಡಿ. ಹಳೇ ಬಟ್ಟೆಗಳಲ್ಲಿ ದೊರೆಯ ಹೆಸರೇ ಜಾಸ್ತಿ, ದೇವರ ಹೆಸರು ಅದಕ್ಕೆ ಪೀಠಿಕೆ. ಸಿಸಿಲಿಯ ಕ್ರಿಶ್ಚಿಯನ್ ದೊರೆ ಎರಡನೇ ರೋಜರ್‌ಗೆ ಪಲೆರ್ಮೋದಲ್ಲಿ ಹಿಜರಿ 528ರಲ್ಲಿ, ಅಂದರೆ 1133-34ರಲ್ಲಿ ಮಾಡಿದ ಕೆಂಪು ರೇಷ್ಮೆ ನಿಲುವಂಗಿ ಈಗ ವಿಯೆನ್ನಾದಲ್ಲಿದೆ. ಅದರ ಅಂಚಿಗೂ ಅರಬ್ಬಿ ಬರಹವೇ. ಅದು ಕಸೂತಿ, ನೇಯ್ಗೆಯಲ್ಲ. ಅದರಲ್ಲಿರುವುದು ದೊರೆಗೆ ಸುಖ ಸಮೃದ್ಧಿಯ ಹಾರೈಕೆ. ಹಾಗಂತ ಎಲ್ಲವೂ ಬರೀ ರಾಜಕೀಯ ಅಂತಲೂ ಅಲ್ಲ. ಯೆಮನ್‌ನಲ್ಲಿ ಎಳೆಗೆ ಮೊದಲೇ ಬಣ್ಣ ಕಟ್ಟಿ ನೇಯುತ್ತಿದ್ದ ಹತ್ತಿ ಬಟ್ಟೆಗಳ ಮೇಲೆ ಚಿನ್ನದ ಬರಹದಲ್ಲಿ "ಅಲ್ ಮುಲ್ಕ್ ಲಿಲ್ಲಾಹ್" ಅಂತ ಇರುತ್ತದೆ: ರಾಜ್ಯ ದೇವರದು. ದೊರೆ ಕೊಡುವ ಬಟ್ಟೆಯ ಮೇಲೆ ಈ ಮಾತು! ನನಗೆ ಇದನ್ನು ನೋಡಿದಾಗಲೆಲ್ಲ ನಗು ಬರುತ್ತದೆ. ಈಜಿಪ್ಟಿನ ಫಾತಿಮಿ ಖಲೀಫರು ಶಿಯಾ ಪಂಥದವರು, ಅವರ ಬಟ್ಟೆಗಳಲ್ಲಿ "ಅಲಿ ದೇವರ ಆಪ್ತ" ಅನ್ನುವ ಮಾತೂ ಸೇರಿಕೊಂಡಿತು.

ಆ ಫಾತಿಮಿ ಬಟ್ಟೆಗಳಲ್ಲೇ ಒಂದು ಎಲ್ಲಿಗೆ ಹೋಗಿ ಸೇರಿತು ಕೇಳಿ. ದಕ್ಷಿಣ ಫ್ರಾನ್ಸಿನ ಆಪ್ಟ್ ಅನ್ನುವ ಊರಿನ ಚರ್ಚಿನಲ್ಲಿ ಸಂತ ಆನಳ, ಅಂದರೆ ಮೇರಿ ಮಾತೆಯ ತಾಯಿಯ, ಮುಸುಕು ಅಂತ ಒಂದು ಬಟ್ಟೆಯನ್ನು ನೂರಾರು ವರ್ಷ ಪೂಜಿಸಿದರು. ಮೂರು ಮೀಟರಿಗಿಂತ ಸ್ವಲ್ಪ ಉದ್ದದ ನಾರುಬಟ್ಟೆ, ನಡುವೆ ರೇಷ್ಮೆ, ಚಿನ್ನದ ಎಳೆಯ ಪಟ್ಟೆಗಳು. ಪಟ್ಟೆಯಲ್ಲಿರುವುದು ಕಲಿಮಾ, ಖಲೀಫ ಮುಸ್ತಅಲಿಯ ಹೆಸರು, ವಜೀರ ಅಫ್ದಲ್‌ನ ಹೆಸರು. ನೇಯ್ದದ್ದು ದಮಿಯೆಟ್ಟಾದಲ್ಲಿ, 1096-97ರ ಹೊತ್ತಿಗೆ. ಮೊದಲ ಕ್ರುಸೇಡಿನ, ಅಂದರೆ ಯುರೋಪಿನ ಕ್ರೈಸ್ತರ ಧರ್ಮಯುದ್ಧದ, ಸೈನ್ಯ ಜೆರುಸಲೇಮಿನ ಕಡೆ ಹೊರಟಿದ್ದೂ ಅದೇ ವರ್ಷಗಳಲ್ಲಿ. ಆಪ್ಟ್‌ನ ಬಿಷಪ್ ಮತ್ತು ಜಮೀನ್ದಾರರು ಆ ಯುದ್ಧಕ್ಕೆ ಹೋಗಿದ್ದರು, ಅವರೊಂದಿಗೇ ಈ ಬಟ್ಟೆ ಬಂದಿರಬೇಕು ಅನ್ನುವುದು ವಿದ್ವಾಂಸರ ಲೆಕ್ಕ. ಓದಲು ಬಾರದವರಿಗೆ ಅದು ಪವಿತ್ರ ಭೂಮಿಯಿಂದ ಬಂದ ಪುರಾತನ ಬಟ್ಟೆ, ಅಷ್ಟೇ ಸಾಕಾಯಿತು.

ಉಡಬಹುದಾ ಅಂತ ಕೇಳಿದ್ದೀರಿ. ಉಟ್ಟಿದ್ದಾರೆ, ಆದರೆ ಎಲ್ಲಿ ಅನ್ನುವುದರಲ್ಲಿ ಎಚ್ಚರ ವಹಿಸಿದ್ದಾರೆ. ತಿರಾಜ್ ಇರುತ್ತಿದ್ದದ್ದು ತೋಳಿನ ಮೇಲ್ಭಾಗದಲ್ಲಿ, ಮುಂಡಾಸಿನ ತುದಿಯಲ್ಲಿ. ಗಂಡಸರು ರೇಷ್ಮೆ ಉಡಬಾರದು ಅನ್ನುವ ಪ್ರವಾದಿ ವಚನವಿದೆ, ಜೊತೆಗೆ ಎರಡು, ಮೂರು, ನಾಲ್ಕು ಬೆರಳಗಲದ ಪಟ್ಟಿಗೆ ವಿನಾಯಿತಿಯೂ ಇದೆ. ನಾರುಬಟ್ಟೆಗೆ ಸಣ್ಣ ರೇಷ್ಮೆ ಪಟ್ಟೆ ಸೇರಿಸಿ ಅದರಲ್ಲಿ ಬರೆಯುವುದಕ್ಕೆ ಇದೂ ಅನುಕೂಲವಾಯಿತು. ಮೈಗೆ ಹತ್ತಿ, ಹೊರಗೆ ರೇಷ್ಮೆ ಬರುವ ಹಾಗೆ ನೇಯುವ ಮಶ್ರೂ ಬಟ್ಟೆ ಗುಜರಾತಿನಲ್ಲಿ ಇವತ್ತಿಗೂ ಇದೆ. ಮಶ್ರೂ ಅಂದರೇನೇ "ಧರ್ಮಕ್ಕೆ ಒಪ್ಪಿದ್ದು" ಅಂತ. ನೇಕಾರರು ಕಾನೂನಿನ ಸಂದಿಯಲ್ಲೇ ದಾರಿ ಹುಡುಕಿದರು ನೋಡಿ.

ಈಜಿಪ್ಟಿನ ಹಳೇ ಸಮಾಧಿಗಳಲ್ಲಿ ಶವದ ತಲೆಗೆ ತಿರಾಜ್ ಸುತ್ತಿ, ಬರಹದ ಪಟ್ಟೆ ಸರಿಯಾಗಿ ಕಣ್ಣಿನ ಮೇಲೆ ಬರುವ ಹಾಗೆ ಮಡಿಸಿದ್ದು ಸಿಕ್ಕಿದೆ. ಬದುಕಿದ್ದಾಗ ಪದವಿಯ ಗುರುತಾಗಿದ್ದ ಬಟ್ಟೆ ಸತ್ತ ಮೇಲೆ ಬರಕತ್ತಿನ ಬಟ್ಟೆಯಾಯಿತು. ಭಾರತದಲ್ಲಿ 15-16ನೇ ಶತಮಾನದ ಹೊತ್ತಿಗೆ ಯುದ್ಧಕ್ಕೆ ಹೋಗುವವರಿಗೆಂದು ಮೈತುಂಬ ಕುರ್‌ಆನ್ ಬರೆದ ಹತ್ತಿ ಅಂಗಿಗಳನ್ನೂ ಮಾಡುತ್ತಿದ್ದರು. ಅವು ಲೇಖನಿ, ಶಾಯಿ, ಚಿನ್ನದಲ್ಲಿ ಬರೆದದ್ದು, ಮಗ್ಗದ್ದಲ್ಲ. ಒಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಕಾಲಡಿಯ ವಿಷಯಕ್ಕೆ ಬಂದರೆ ರೀತಿಯೇ ಬೇರೆ. ಇರಾನಿನ ಸಫವಿ ಕಾಲದ ನಮಾಜಿನ ಜಮಖಾನಗಳಲ್ಲಿ ಕುರ್‌ಆನ್ ವಚನ ಇರುವುದು ಮೇಲಿನ ಅರ್ಧದಲ್ಲಿ, ಹಣೆ ತಾಗುವ ಕಡೆ. ಪಾದ ಇಡುವ ಕೆಳಗಿನ ಅರ್ಧದಲ್ಲಿ ಬರೀ ಹೂಬಳ್ಳಿ. ಲಂಡನ್ನಿನ ಮ್ಯೂಸಿಯಂನಲ್ಲಿರುವ ಹೆಸರಾಂತ ಅರ್ದಬೀಲ್ ರತ್ನಗಂಬಳಿ 1539-40ರದ್ದು. ಅದರ ಒಂದು ತುದಿಯ ಚೌಕಟ್ಟಿನಲ್ಲಿ ಬರಹವಿದೆ, ಆದರೆ ಅದು ಕವಿ ಹಾಫಿಜ್‌ನ ಸಾಲು, ಕುರ್‌ಆನ್ ಅಲ್ಲ. ಓಟೋಮನ್ ಸರ್ಕಾರ 1610ರಲ್ಲಿ ಕುತಾಹ್ಯ ಪ್ರಾಂತ್ಯಕ್ಕೆ ಒಂದು ಆದೇಶವನ್ನೇ ಕಳಿಸಿತು. ಬೇರೆ ಧರ್ಮದವರಿಗೆ ಮಾರುವ ಜಮಖಾನಗಳಲ್ಲಿ ಕಾಬಾ ಚಿತ್ರ, ಬರಹ ಹಾಕಕೂಡದು ಅಂತ. ಆದೇಶ ಬಂತು ಅಂದರೆ ಅಷ್ಟರಲ್ಲಿ ಮಾರಾಟ ಜೋರಾಗಿ ನಡೆದಿತ್ತು ಅಂತ ತಾನೇ ಅರ್ಥ?

ಇನ್ನೊಂದು ಎಚ್ಚರಿಕೆ. 2017ರಲ್ಲಿ ಸ್ವೀಡನ್ನಿನಿಂದ ಒಂದು ಸುದ್ದಿ ಜಗತ್ತೆಲ್ಲ ಓಡಾಡಿತು: ವೈಕಿಂಗರ ಸಮಾಧಿಯಲ್ಲಿ ಸಿಕ್ಕ 10ನೇ ಶತಮಾನದ ರೇಷ್ಮೆ ಪಟ್ಟಿಯಲ್ಲಿ "ಅಲ್ಲಾಹ್" ಅಂತ ನೇಯ್ದಿದೆ ಅಂತ. ಆಮೇಲೆ ಇಸ್ಲಾಮಿಕ್ ಕಲೆಯ ವಿದ್ವಾಂಸೆ ಸ್ಟೆಫನಿ ಮಲ್ಡರ್ ಅದರ ನೂಲು ಬಿಡಿಸಿದರು. ಆ ಚೌಕಾಕಾರದ ಲಿಪಿ ಬಳಕೆಗೆ ಬಂದದ್ದೇ ಎಷ್ಟೋ ಕಾಲದ ನಂತರ. ಚಿತ್ರದಲ್ಲಿ ಬರೆದ ಹಾಗೇ ಒಪ್ಪಿಕೊಂಡರೂ ಅದನ್ನು ಅಲ್ಲಾಹ್ ಅಂತ ಓದಲಾಗದು, ಮೊದಲ ಅಕ್ಷರವೇ ಬೇರೆ. ಮೇಲಾಗಿ ತುಂಡು ಹರಿದ ಅಂಚಿನಾಚೆಗೂ ವಿನ್ಯಾಸ ಮುಂದುವರಿದಿತ್ತು ಅಂತ ಊಹಿಸಿ ಬರೆದ ಚಿತ್ರ ಅದು. ಪಟ್ಟಿ ನೇಯ್ಗೆಯಲ್ಲಿ ಕೋನ ಕೋನದ ಗೆರೆ ತಾನಾಗೇ ಬರುತ್ತದೆ. ನಿಮ್ಮ ಖಣದ ಅಂಚಿನಲ್ಲೂ ಹುಡುಕಿದರೆ ಯಾವುದೋ ಲಿಪಿಯ ಯಾವುದೋ ಅಕ್ಷರ ಸಿಕ್ಕೇ ಸಿಗುತ್ತದೆ.

ಕೊನೆಗೆ ಭಟ್ಕಳದ ತುಂಡು. ಕಾಬಾದ ಹೊದಿಕೆಗೆ ಕಿಸ್ವಾ ಅಂತ ಹೆಸರು. ನೂರಾರು ವರ್ಷ ಅದು ಬರುತ್ತಿದ್ದದ್ದು ಈಜಿಪ್ಟಿನಿಂದ. ನಮ್ಮಲ್ಲಿ ದೇವಸ್ಥಾನಕ್ಕೆ ಉಂಬಳಿ ಬಿಟ್ಟ ಹಾಗೆ, ಅಲ್ಲಿನ ಮಾಮ್ಲೂಕ್ ಸುಲ್ತಾನರು ಇದರ ಖರ್ಚಿಗೆಂದೇ ಹಳ್ಳಿಗಳ ಆದಾಯ ಬಿಟ್ಟಿದ್ದರು. 1927ರ ಹೊತ್ತಿಗೆ ಈಜಿಪ್ಟಿಗೂ ಸೌದಿಗೂ ಕೆಟ್ಟಾಗ ದೊರೆ ಅಬ್ದುಲ್ ಅಜೀಜ್ ಮೆಕ್ಕಾದಲ್ಲೇ ನೇಯ್ಗೆಮನೆ ತೆರೆದರು. ಆಗ ಮಗ್ಗ, ನೇಕಾರರು, ಕಸೂತಿಗಾರರು ಹೋದದ್ದು ಭಾರತದಿಂದ! ಹತ್ತು ವರ್ಷದ ನಂತರ ಮತ್ತೆ ಈಜಿಪ್ಟ್, 1962ರ ನಂತರ ಪೂರ್ತಿ ಮೆಕ್ಕಾ. ಹಾಗಾಗಿ ಅಜ್ಜ ಯಾವ ವರ್ಷ ಹೋಗಿದ್ದರು ಅಂತ ಮೊದಲು ಕೇಳಿ. ಕಾಬಾದ ಬೀಗ ಕಾಯುವ ಶೈಬಾ ಮನೆತನದವರಿಂದ ಯಾತ್ರಿಕರಿಗೆ ತುಂಡುಗಳು ಸಿಗುತ್ತಿದ್ದದ್ದು ನಿಜ, ಆದ್ದರಿಂದ ಗೆಳೆಯರ ಮನೆಯ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಬಟ್ಟೆಯನ್ನು ಕಿಟಕಿ ಹತ್ತಿರ ಹಿಡಿದು ಓರೆ ಮಾಡಿ. ಕಿಸ್ವಾದ ಮೈಯಲ್ಲಿ ಬರಹ ಇರುವುದು ಕಪ್ಪಿನ ಮೇಲೆ ಕಪ್ಪಾಗಿ, ಅದೇ ಅಂಕುಡೊಂಕು ಪಟ್ಟೆಯಲ್ಲಿ. ನೇರ ನೋಡಿದರೆ ಕಾಣುವುದಿಲ್ಲ, ಬೆಳಕು ಜಾರಿದಾಗ ಕಲಿಮಾ ಮೇಲೇಳುತ್ತದೆ. ಎಲ್ಲರೂ ಟೀವಿಯಲ್ಲಿ ನೋಡುವ ಚಿನ್ನದ ಅಕ್ಷರ ಇರುವುದು ನಡುಪಟ್ಟಿ ಮತ್ತು ಬಾಗಿಲ ಪರದೆಯಲ್ಲಿ. ಅದು ಚಿನ್ನದ ಲೇಪದ ಬೆಳ್ಳಿ ಎಳೆಯ ದಪ್ಪ ಕಸೂತಿ, ಬೆರಳಿಗೆ ಉಬ್ಬಾಗಿ ತಾಗುತ್ತದೆ. ಚಪ್ಪಟೆ ಚಿನ್ನದ ಬಣ್ಣದ ಅಚ್ಚು, ಹಿಂದೆ ಏನೂ ಇಲ್ಲ ಅಂದರೆ ಅದು ಅಂಗಡಿಯ ನೆನಪಿನ ಕಾಣಿಕೆ. ನೂಲು ಕಿತ್ತು ಸುಟ್ಟು ನೋಡಿ ರೇಷ್ಮೆಯಾ ಅಂತ ಪರೀಕ್ಷಿಸುವ ಬುದ್ಧಿ ಯಾರಾದರೂ ಹೇಳಿದರೆ ಕೇಳಬೇಡಿ, ಬೇರೆ ಏನಲ್ಲದಿದ್ದರೂ ಆ ಮನೆಯವರ ಮುಖ ನೋಡಿ.

ಚೌಕಟ್ಟು ಹಾಕಿಸುವ ಮುಂಚೆಯೂ ಯೋಚಿಸಿ. ಒಂದು ಮನೆಯವರು ನನ್ನ ಹತ್ತಿರ ತಂದಿದ್ದ ತುಂಡನ್ನು ಚೌಕಟ್ಟಿನವನು ರಟ್ಟಿಗೆ ಅಂಟಿನಲ್ಲಿ ಮೆತ್ತಿಬಿಟ್ಟಿದ್ದ. ನೇಯ್ಗೆ ಮಾತ್ರ ಅಸಲಿ. ಬಿಡಿಸಲು ಹೋದರೆ ಹಾಸಿನ ಎಳೆ ಪುಡಿಪುಡಿಯಾಗಿ ಬರುತ್ತಿತ್ತು, ಕೊನೆಗೆ ರಟ್ಟಿನ ಸಮೇತವೇ ಇಡಬೇಕಾಯಿತು. ತೊಳೆಯುವುದು ಬೇಡ, ಇಸ್ತ್ರಿಯೂ ಬೇಡ. ಮಡಿಸಿಟ್ಟಿದ್ದರೆ ಬಿಡಿಸಿ, ಒಗೆದು ಗಂಜಿ ಹೋದ ಬಿಳೀ ಹತ್ತಿ ಬಟ್ಟೆಯ ಜೊತೆ ಸುರುಳಿ ಸುತ್ತಿ ಇಡಲಿ. ಸುತ್ತುವ ಮೊದಲು ಎರಡು ಫೋಟೋ ತೆಗೆಸಿ ಕಳಿಸಿ, ಒಂದು ಓರೆ ಬೆಳಕಿನಲ್ಲಿ, ಇನ್ನೊಂದು ಹಿಂಬದಿಯದು. ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟರೆ ಅಕ್ಷರದ ಅಳತೆ ಗೊತ್ತಾಗುತ್ತದೆ. ಹಿಂಬದಿಯ ಫೋಟೋ ಅಪ್ಪನಿಗೂ ಕಳಿಸಿ.